ಇದ್ದವರೂ ಎದ್ದುಹೋದವರೂ

ಒಂದು ವಿಶಾಲವಾದ ಕೊಠಡಿಯಲ್ಲಿ ಮೂವತ್ತು ಪರದೆಗಳು ಬೆಳಗುತ್ತಿದ್ದು, ಅವುಗಳ ಮುಂದೆ ಕುಳಿತ ಮೂವತ್ತು ಮಂದಿಯಲ್ಲಿ ಒಬ್ಬರು ಪತ್ರವನ್ನೂ ಮತ್ತೊಬ್ಬರು ಲೆಕ್ಕವನ್ನೂ ಮಗುದೊಬ್ಬರು ನಕ್ಷೆಯನ್ನೂ ಸಿದ್ಧಪಡಿಸುತ್ತಿರುವುದನ್ನು ಕಂಡವರು, ಅಲ್ಲಿ ಮೂವತ್ತು ಕಂಪ್ಯೂಟರುಗಳು ದುಡಿಯುತ್ತಿವೆಯೆಂದು ಭಾವಿಸುವುದು ಸಹಜವೇ ಸರಿ. ‘ಥಿನ್ ಕ್ಲೈಂಟ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ವ್ಯವಸ್ಥೆಯಲ್ಲಿ ಮಾತ್ರ ಸಂಗತಿ ಹಾಗಿರುವುದಿಲ್ಲ. ಅಲ್ಲಿ ಮೇಜಿನ ಮೇಲಿರುವ ಸಣ್ಣ ಪೆಟ್ಟಿಗೆಗೆ ಪರದೆ, ಕೀಬೋರ್ಡ್, ಮೌಸುಗಳ ಸಂಪರ್ಕವೂ ಒಂದು ನೆಟ್‌ವರ್ಕ್ ಕೇಬಲ್ಲೂ ಇರುತ್ತವೆಯೇ ಹೊರತು, ಎಷ್ಟೋ ವೇಳೆ ಹಾರ್ಡ್ ಡಿಸ್ಕ್ ಸಹ ಇರುವುದಿಲ್ಲ. ಎಣಿಸುವುದು, ನೆನಪಿನಲ್ಲಿಡುವುದು, ಉಳಿಸುವುದು ಎಂಬ ಮೂರು ಕಾರ್ಯಗಳನ್ನೂ ಬೇರೊಂದೆಡೆ ಇರುವ ಸರ್ವರ್ ಒಂದೇ ಎಲ್ಲರ ಪರವಾಗಿಯೂ ನಿರ್ವಹಿಸುತ್ತದೆ.

ಗುಂಡಿಯನ್ನೊತ್ತಿದೊಡನೆ ಆ ಪೆಟ್ಟಿಗೆಯು, ತನ್ನ ನೆಟ್‌ವರ್ಕ್ ಕಾರ್ಡಿನಲ್ಲಿ ಅಡಕವಾಗಿರುವ ಪಿಎಕ್ಸ್‌ಇ ಎಂಬ ಕಿರಿದಾದ ತಂತ್ರಾಂಶದ ಬಲದಿಂದ ತನಗೊಂದು ವಿಳಾಸವನ್ನು ಬೇಡುತ್ತದೆ. ಡಿಎಚ್‌ಸಿಪಿ ಸೇವೆ ವಿಳಾಸವನ್ನು ಕೊಟ್ಟು, ಮುಂದೆ ಏನನ್ನು ಎಲ್ಲಿಂದ ತರಬೇಕೆಂಬುದನ್ನೂ ತಿಳಿಸುತ್ತದೆ. ಟಿಎಫ್‌ಟಿಪಿ ಎಂಬ ಸರಳ ವಿಧಾನದಿಂದ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ ಇಳಿದು ಬರುತ್ತದೆ. ಕ್ಷಣಕಾಲದಲ್ಲಿ ಹೆಸರನ್ನೂ ಪಾಸ್‌ವರ್ಡನ್ನೂ ಕೇಳುವ ಪರದೆ ಮೂಡುತ್ತದೆ. ಅವೆರಡನ್ನೂ ಸರಿಯಾಗಿ ಒಪ್ಪಿಸಿದ ಗಳಿಗೆಯಿಂದ ತೊಡಗಿ ‘ಲಾಗೌಟ್’ ಒತ್ತುವ ಗಳಿಗೆಯವರೆಗೆ, ಆ ವ್ಯಕ್ತಿಗಾಗಿ ಸರ್ವರ್ ಹೊತ್ತುಕೊಳ್ಳುವ ಸಮಸ್ತ ಭಾರಕ್ಕೆ, ಅಂದರೆ ಅವನು ತೆರೆದ ಕಡತಗಳಿಗೆ, ಓಡಿಸುತ್ತಿರುವ ಪ್ರೋಗ್ರಾಮುಗಳಿಗೆ, ಅವನ ಪಾಲಿನ ಮೆಮೊರಿಗೆ, ಅವನಿಗೆ ಸಲ್ಲುವ ಅಧಿಕಾರಗಳಿಗೆ, ಒಟ್ಟಾಗಿ ‘ಸೆಷನ್’ ಎಂದು ಹೆಸರು. ಅದು ಒಬ್ಬ ಮನುಷ್ಯನು ಆ ಯಂತ್ರದ ಸನ್ನಿಧಿಯಲ್ಲಿದ್ದಾನೆಂಬುದಕ್ಕೆ ಯಂತ್ರವು ಇಟ್ಟುಕೊಂಡ ಗುರುತು. ಈ ಗುರುತು ಯಾವಾಗ ಹುಟ್ಟಬೇಕೆಂಬುದರಲ್ಲಿ ತೊಡಕೇನೂ ಇಲ್ಲ. ಅದು ಯಾವಾಗ ಅಳಿಯಬೇಕು, ಅಳಿಸುವವರು ಯಾರು, ಯಾವ ಕ್ರಮದಿಂದ ಎಂಬಲ್ಲಿಯೇ ಈ ಶಾಸ್ತ್ರದ ಕಷ್ಟವೆಲ್ಲವೂ ಅಡಗಿದೆ. ಆ ಕಷ್ಟವು ತಂತ್ರಜ್ಞಾನಕ್ಕೆ ಎಷ್ಟು ಸೇರಿದ್ದೋ ಲೋಕವ್ಯವಹಾರದ ನೀತಿಗೂ ಅಷ್ಟೇ ಸೇರಿದ್ದೆಂಬುದನ್ನು ವಿಶದಪಡಿಸುವುದೇ ಈ ಲೇಖನದ ಉದ್ದೇಶ.

ಪಾಲು ಹಂಚಿದ ಮೊದಲ ದಿನಗಳು

ಒಂದು ಯಂತ್ರವನ್ನು ಅನೇಕರು ಏಕಕಾಲದಲ್ಲಿ ಬಳಸುವ ವಿಚಾರ ಇತ್ತೀಚಿನದಲ್ಲ. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ, ಎಂದರೆ ಎಂಐಟಿಯಲ್ಲಿ, ಫರ್ನಾಂಡೊ ಕಾರ್ಬಟೊ ಅವರೂ ಅವರ ಸಂಗಡಿಗರೂ 1961ರ ನವೆಂಬರಿನಲ್ಲಿ ‘ಸಿಟಿಎಸ್ಎಸ್’ ಎಂಬ ಕಾಲವಿಭಾಗ ವ್ಯವಸ್ಥೆಯನ್ನು ಐಬಿಎಂ 709 ಯಂತ್ರದ ಮೇಲೆ ಪ್ರದರ್ಶಿಸಿದರು. ಅದುವರೆಗೆ ಕಾರ್ಡುಗಳ ಕಟ್ಟನ್ನು ಒಪ್ಪಿಸಿ ಫಲಿತಾಂಶಕ್ಕಾಗಿ ಗಂಟೆಗಟ್ಟಲೆ ಕಾಯುತ್ತಿದ್ದ ವಿದ್ವಾಂಸರಿಗೆ, ಟೈಪ್‌ರೈಟರಿನಂಥ ಟರ್ಮಿನಲ್ಲಿನ ಮುಂದೆ ಕುಳಿತು ಕೇಳಿದ ಪ್ರಶ್ನೆಗೆ ಆಗಿಂದಾಗಲೇ ಉತ್ತರ ಪಡೆಯುವುದು ಅದ್ಭುತವಾಗಿಯೇ ತೋರಿರಬೇಕು. ಮುಂದೆ 7094 ಯಂತ್ರದ ಮೇಲೆ ಪ್ರೌಢಾವಸ್ಥೆಗೆ ಬಂದ ಆ ವ್ಯವಸ್ಥೆಯಲ್ಲಿ ಮೆಮೊರಿಯು ತಲಾ 32,768 ಪದಗಳ ಎರಡು ಪಾಲಾಗಿದ್ದು, ಒಂದು ಪಾಲು ಮೇಲ್ವಿಚಾರಣೆಯ ಪ್ರೋಗ್ರಾಮಿಗೂ ಇನ್ನೊಂದು ಬಳಕೆದಾರರಿಗೂ ಮೀಸಲಾಗಿತ್ತು; ಅಷ್ಟು ಅಲ್ಪವಾದ ಎಡೆಯಲ್ಲಿ ಒಬ್ಬೊಬ್ಬರ ಕೆಲಸವನ್ನೂ ಸರದಿಯಂತೆ ಒಳಕ್ಕೆ ತಂದು ಹೊರಕ್ಕೆ ಸಾಗಿಸುತ್ತ, ಪ್ರತಿಯೊಬ್ಬನಿಗೂ ಯಂತ್ರವು ತನ್ನದೇ ಎಂಬ ಭ್ರಾಂತಿಯನ್ನು ಉಂಟುಮಾಡುತ್ತಿದ್ದರು.

ಎಲ್ಲರದೂ ಆದ ವಸ್ತುವಿನಲ್ಲಿ ತನ್ನದೆಂಬುದನ್ನು ಬೇರ್ಪಡಿಸುವುದಕ್ಕಾಗಿಯೇ ಅಲ್ಲಿ ಹೆಸರಿಗೊಂದು ಪಾಸ್‌ವರ್ಡ್ ಬಂದಿತು. ಯಂತ್ರದ ಕಾಲವು ಅಮೂಲ್ಯವಾದ್ದರಿಂದ ಒಬ್ಬೊಬ್ಬರಿಗೂ ಇಷ್ಟೇ ಗಂಟೆಗಳೆಂಬ ಮಿತಿಯೂ ಬಂದಿತು. ಮಿತಿ ಬಂದೊಡನೆ ಅದನ್ನು ಮೀರುವ ಉಪಾಯವೂ ಹುಟ್ಟಿತೆಂಬುದಕ್ಕೆ, ಅಂದು ಅಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಅಲನ್ ಶೆರ್ ಅವರು ತಾವೇ ಬಹುಕಾಲದ ಅನಂತರ ಬಹಿರಂಗಪಡಿಸಿದ ವೃತ್ತಾಂತವೇ ಸಾಕ್ಷಿ. ವಾರಕ್ಕೆ ದೊರೆಯುತ್ತಿದ್ದ ನಾಲ್ಕು ಗಂಟೆಗಳು ತಮ್ಮ ಪ್ರಬಂಧದ ಕೆಲಸಕ್ಕೆ ಸಾಲದೆ ಬಂದಾಗ, ಅವರು 1962ರಲ್ಲಿ ಪಾಸ್‌ವರ್ಡುಗಳ ಕಡತವನ್ನೇ ಮುದ್ರಿಸಿಕೊಡುವಂತೆ ಯಂತ್ರಕ್ಕೆ ಕಾರ್ಡಿನ ಮೂಲಕ ಕೋರಿಕೆ ಸಲ್ಲಿಸಿ, ಅದನ್ನು ಪಡೆದು, ಇತರರ ಹೆಸರಿನಲ್ಲಿ ಲಾಗಿನ್ ಆಗಿ ಕೆಲಸ ಮುಂದುವರಿಸಿದರು. ಸೆಷನ್ನಿನ ಮೇಲಿರುವ ಹೆಸರೂ ಅದರ ಮುಂದೆ ಕುಳಿತಿರುವ ಮನುಷ್ಯನೂ ಬೇರೆಬೇರೆಯಾಗಿರಬಹುದೆಂಬ ಸತ್ಯವು ಈ ವಿದ್ಯೆಯ ಶೈಶವದಲ್ಲಿಯೇ ಹೀಗೆ ಪ್ರಕಟವಾಯಿತು.

ಇದಕ್ಕಿಂತಲೂ ಬೋಧಪ್ರದವಾದದ್ದು, ಕಾರ್ಬಟೊ ಅವರು ತಮ್ಮ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ವಿವರಿಸಿರುವ ಇನ್ನೊಂದು ಘಟನೆ. ಸಿಟಿಎಸ್ಎಸ್ ವ್ಯವಸ್ಥೆಯಲ್ಲಿ ಪಠ್ಯವನ್ನು ತಿದ್ದುವ ಪ್ರೋಗ್ರಾಮು, ತಿದ್ದುವ ಕಾಲದಲ್ಲಿ ಒಂದು ತಾತ್ಕಾಲಿಕ ಕಡತವನ್ನು ನಿರ್ಮಿಸಿಕೊಳ್ಳುತ್ತಿತ್ತು. ಒಂದು ಡೈರೆಕ್ಟರಿಯಲ್ಲಿ ಒಂದು ಕಾಲಕ್ಕೆ ಒಬ್ಬನೇ ಕೆಲಸ ಮಾಡುವನೆಂಬ ನಂಬಿಕೆಯಿಂದ ಆ ಕಡತಕ್ಕೆ ಯಾವಾಗಲೂ ಒಂದೇ ಹೆಸರನ್ನಿಡುತ್ತಿತ್ತು. ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದ ತಜ್ಞರಿಗಾದರೋ ಒಂದೇ ಡೈರೆಕ್ಟರಿಯನ್ನು ಹಲವರು ಹಂಚಿಕೊಳ್ಳುವ ಪದ್ಧತಿಯಿದ್ದಿತು. ಒಂದು ದಿನ ಅವರಲ್ಲೊಬ್ಬರು ಎಲ್ಲರಿಗೂ ಕಾಣಿಸತಕ್ಕ ದಿನದ ಸಂದೇಶವನ್ನು ತಿದ್ದುತ್ತಿರುವಾಗಲೇ ಇನ್ನೊಬ್ಬರು ಯಾರಿಗೂ ಕಾಣಿಸಬಾರದ ಪಾಸ್‌ವರ್ಡುಗಳ ಕಡತವನ್ನು ತಿದ್ದಲು ತೊಡಗಿದರು. ತಾತ್ಕಾಲಿಕ ಕಡತಗಳೆರಡೂ ಅದಲುಬದಲಾಗಿ, ಅನಂತರ ಲಾಗಿನ್ ಆದವರೆಲ್ಲರಿಗೂ ಶುಭ ಸಂದೇಶದ ಬದಲು ಸಮಸ್ತ ಬಳಕೆದಾರರ ಪಾಸ್‌ವರ್ಡುಗಳೇ ಕಾಣಿಸಿಕೊಂಡವು. ಅಲ್ಲಿ ಕಳ್ಳತನವಾಗಲಿ ದುರುದ್ದೇಶವಾಗಲಿ ಲೇಶವೂ ಇರಲಿಲ್ಲ. ಒಂದು ಹೆಸರಿಗೆ ಒಂದೇ ಸ್ಥಾನದಲ್ಲಿ ಒಬ್ಬನೇ ಮನುಷ್ಯನೆಂದು ಪ್ರೋಗ್ರಾಮು ನಂಬಿತ್ತು, ಲೋಕವು ಆ ನಂಬಿಕೆಯಂತೆ ನಡೆಯಲಿಲ್ಲ, ಅಷ್ಟೆ. ಇಂದಿಗೂ ಟರ್ಮಿನಲ್ ಸರ್ವರುಗಳನ್ನು ಕಾಡುವ ತೊಂದರೆಗಳಲ್ಲಿ ಬಹುಪಾಲು ಇದೇ ನಂಬಿಕೆಯ ಸಂತತಿಯೆಂದರೆ ಅತಿಶಯೋಕ್ತಿಯಾಗದು.

ತಂತಿ ಕಡಿದರೂ ಉಳಿಯುವ ಸೆಷನ್

1999ರಲ್ಲಿ ಜಿಮ್ ಮೆಕ್‌ಕ್ವಿಲನ್ ಅವರು ಆರಂಭಿಸಿದ ‘ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್’, ಸಂಕ್ಷೇಪವಾಗಿ ಎಲ್‌ಟಿಎಸ್‌ಪಿ, ಹಳೆಯದೆಂದು ಮೂಲೆಗೆಸೆಯಲಾಗುತ್ತಿದ್ದ ಕಂಪ್ಯೂಟರುಗಳನ್ನೂ ಟರ್ಮಿನಲ್ಲುಗಳನ್ನಾಗಿ ಮಾಡಿಕೊಳ್ಳುವ ಮಾರ್ಗವನ್ನು ತೆರೆದುದರಿಂದ, ಹಣಕ್ಕೆ ಮುಗ್ಗಟ್ಟಿದ್ದ ಶಾಲೆಗಳಿಗೆ ಅದೊಂದು ವರವಾಗಿ ಪರಿಣಮಿಸಿತು. ಅಂಥ ಶಾಲೆಯೊಂದರ ಲ್ಯಾಬನ್ನು ಊಹಿಸಿಕೊಳ್ಳಿ. ಗಂಟೆ ಬಾರಿಸುತ್ತದೆ, ಮುಂದಿನ ತರಗತಿಗೆ ಓಡುವ ಅವಸರದಲ್ಲಿ ಮಕ್ಕಳು ಲಾಗೌಟ್ ಮಾಡದೆ ಪವರ್ ಗುಂಡಿಯನ್ನೇ ಒತ್ತಿ ಎದ್ದುಹೋಗುತ್ತಾರೆ, ಇಲ್ಲವೆ ಕರೆಂಟು ಹೋಗಿ, ಯುಪಿಎಸ್ ಇರುವ ಸರ್ವರ್ ಉಳಿದು, ಟರ್ಮಿನಲ್ಲುಗಳೆಲ್ಲವೂ ಒಮ್ಮೆಗೇ ಆರುತ್ತವೆ. ಪರದೆ ಕಪ್ಪಾದುದರಿಂದ ಕೆಲಸ ಮುಗಿಯಿತೆಂದು ಮಕ್ಕಳು ಭಾವಿಸುತ್ತಾರೆ. ಸರ್ವರಿನ ದೃಷ್ಟಿಯಲ್ಲಾದರೋ ಯಾರೂ ಹೋಗಿಲ್ಲ, ಎಲ್ಲರೂ ಮೌನವಾಗಿ ಕುಳಿತಿದ್ದಾರೆ.

ಈ ಭ್ರಮೆ ಎಷ್ಟು ಹೊತ್ತು ಉಳಿಯುವುದೆಂಬುದಕ್ಕೆ ನಿಶ್ಚಿತವಾದ ಲೆಕ್ಕವುಂಟು. ಟಿಸಿಪಿ ಎಂಬ ಸಂಪರ್ಕವಿಧಾನದಲ್ಲಿ ಎರಡು ತುದಿಗಳೂ ಮಾತನಾಡದಿದ್ದ ಮಾತ್ರಕ್ಕೆ ಸಂಬಂಧ ಕಡಿದಂತಾಗುವುದಿಲ್ಲ. ಎದುರು ತುದಿ ಜೀವಂತವಾಗಿದೆಯೇ ಎಂದು ಆಗಾಗ ತಟ್ಟಿನೋಡುವ ಏರ್ಪಾಡನ್ನು ಅಳವಡಿಸಿದ್ದರೂ, ಲಿನಕ್ಸ್‌ನಲ್ಲಿ ಮೊದಲಿನಿಂದ ನಿಗದಿಯಾಗಿರುವಂತೆ ಆ ಪರೀಕ್ಷೆ ಆರಂಭವಾಗುವುದೇ 7200 ಸೆಕೆಂಡುಗಳ, ಎಂದರೆ ಎರಡು ಗಂಟೆಗಳ, ಮೌನದ ಅನಂತರ. ತರುವಾಯ 75 ಸೆಕೆಂಡುಗಳಿಗೊಮ್ಮೆಯಂತೆ 9 ಬಾರಿ ತಟ್ಟಿ, ಉತ್ತರ ಬಾರದಿದ್ದಾಗ ಮಾತ್ರ ಸಂಪರ್ಕವನ್ನು ಮುಚ್ಚುತ್ತದೆ. ಎಸ್‌ಎಸ್‌ಎಚ್ ಎಂಬ ದೂರಸಂಪರ್ಕ ವಿಧಾನದ ಸರ್ವರಿನಲ್ಲಿ ‘ಕ್ಲೈಂಟ್ ಅಲೈವ್ ಇಂಟರ್ವಲ್’ ಎಂಬ ಸೂಚನೆಯನ್ನು 15 ಸೆಕೆಂಡುಗಳಿಗೆ ಇಟ್ಟು, ಮೂರು ಪ್ರಶ್ನೆಗಳ ವಾಡಿಕೆಯ ಮಿತಿಯನ್ನು ಹಾಗೆಯೇ ಬಿಟ್ಟರೆ, ಉತ್ತರಿಸದ ಟರ್ಮಿನಲ್ಲು ಸುಮಾರು 45 ಸೆಕೆಂಡುಗಳಲ್ಲಿಯೇ ಹೋದದ್ದೆಂದು ತಿಳಿದುಬರುತ್ತದೆ. ಒಂದೆಡೆ ಎರಡು ಗಂಟೆಗೂ ಮೀರಿದ ಕಾಯುವಿಕೆ, ಇನ್ನೊಂದೆಡೆ ಮುಕ್ಕಾಲು ನಿಮಿಷದ ನಿರ್ಣಯ! ದುರ್ಬಲವಾದ ನೆಟ್‌ವರ್ಕ್ ಇದ್ದೆಡೆ ಅತ್ಯಲ್ಪ ಅವಧಿಯನ್ನಿಟ್ಟರೆ, ಒಂದು ನಿಮಿಷ ಕೇಬಲ್ ಸಡಿಲಾದ ತಪ್ಪಿಗೆ ಅರ್ಧ ಬರೆದ ಪ್ರಬಂಧವೇ ನಷ್ಟವಾದೀತು; ಅತಿ ದೀರ್ಘಾವಧಿಯನ್ನಿಟ್ಟರೆ ಎದ್ದುಹೋದವರ ಭಾರವನ್ನು ಇದ್ದವರು ಹೊರಬೇಕಾದೀತು.

ಆ ಭಾರದ ಸ್ವರೂಪವನ್ನು ತಿಳಿಯಬೇಕಾದರೆ, ಛತ್ರವೊಂದರಲ್ಲಿ ಇಳಿದುಕೊಂಡ ಯಾತ್ರಿಕನು ಕೊಠಡಿಗೆ ಬೀಗ ಹಾಕಿ, ಬೀಗದ ಕೈಯನ್ನು ಸೊಂಟದಲ್ಲಿಟ್ಟುಕೊಂಡು, ಯಾರಿಗೂ ಹೇಳದೆ ಊರುಬಿಟ್ಟಂತೆ ಎನ್ನಬಹುದು. ಕೊಠಡಿ ಬರಿದಾಗಿದೆ, ಆದರೂ ಬೇರೆಯವರಿಗೆ ಒದಗದು, ಅಷ್ಟೇ ಏಕೆ, ಅದೇ ಯಾತ್ರಿಕನು ಬೀಗದ ಕೈ ಕಳೆದುಕೊಂಡು ಮರಳಿ ಬಂದರೆ ಅವನಿಗೂ ಒದಗದು. ಅನೇಕ ಪ್ರೋಗ್ರಾಮುಗಳು ತಾವು ತೆರೆದ ಕಡತವನ್ನು ಇನ್ನೊಬ್ಬರು ಕೆಡಿಸದಿರಲೆಂದು ‘ಲಾಕ್ ಫೈಲ್’ ಎಂಬ ಗುರುತನ್ನು ಇಡುತ್ತವೆ. ಲಿಬ್ರೆಆಫೀಸ್ ತೆರೆದ ಕಡತದ ಪಕ್ಕದಲ್ಲಿ ತೆರೆದವರ ಹೆಸರನ್ನೂ ಸಮಯವನ್ನೂ ಒಳಗೊಂಡ ಅಂಥ ಗುರುತು ನಿಲ್ಲುತ್ತದೆ. ಫೈರ್‌ಫಾಕ್ಸ್ ತನ್ನ ಪ್ರೊಫೈಲಿನೊಳಗೆ ಅದನ್ನು ಇಡುತ್ತದೆ. ಬೆಳಗ್ಗೆ ಗುಂಡಿ ಒತ್ತಿ ಎದ್ದುಹೋದ ಹುಡುಗಿಯು ಮಧ್ಯಾಹ್ನ ಬೇರೊಂದು ಮೇಜಿನಲ್ಲಿ ಲಾಗಿನ್ ಆಗಿ ಬ್ರೌಸರನ್ನು ತೆರೆಯಹೋದರೆ, ಅದು ಈಗಾಗಲೇ ಓಡುತ್ತಿದೆ, ಆದರೆ ಉತ್ತರಿಸುತ್ತಿಲ್ಲ ಎಂಬ ಸೂಚನೆ ಎದುರಾಗುತ್ತದೆ. ಅವಳನ್ನು ತಡೆಯುತ್ತಿರುವುದು ಬೆಳಗಿನ ಅವಳದೇ ಛಾಯೆ. ಒಬ್ಬಳದಾಗಿದ್ದರೆ ಚಿಂತೆಯಿಲ್ಲ, ಇಂಥ ಇಪ್ಪತ್ತು ಛಾಯೆಗಳು ತಲೆಗೊಂದು ಬ್ರೌಸರನ್ನು ಹಿಡಿದು ಕುಳಿತಾಗ, ಸರ್ವರಿನ ಮೆಮೊರಿ ಬತ್ತಿ, ಎದುರಿಗೆ ನಿಜವಾಗಿ ಕುಳಿತಿರುವವರ ಮೌಸಿನ ಬಾಣವೂ ತೆವಳತೊಡಗುತ್ತದೆ.

ಮುಚ್ಚುವ ಮುನ್ನ ಅರಿಯಬೇಕಾದದ್ದು

ಹೀಗಿರಲು, ನಿರ್ವಾಹಕನ ಪ್ರಥಮ ಕರ್ತವ್ಯ ಅರಿಯುವುದು, ದ್ವಿತೀಯ ಕರ್ತವ್ಯ ಮುಚ್ಚುವುದು. ಅರಿಯುವುದಕ್ಕೆ ಯುನಿಕ್ಸ್ ಪರಂಪರೆಯು ಬಹು ಹಿಂದೆಯೇ ಸಾಧನಗಳನ್ನು ಒದಗಿಸಿದೆ. ‘ಹೂ’ ಎಂಬ ಆಜ್ಞೆಯು ಯಾರು ಯಾವ ಟರ್ಮಿನಲ್ಲಿನಿಂದ ಎಷ್ಟು ಹೊತ್ತಿಗೆ ಬಂದರೆಂಬುದನ್ನು ತಿಳಿಸುತ್ತದೆ. ‘ಡಬ್ಲ್ಯೂ’ ಎಂಬ ಒಂದಕ್ಷರದ ಆಜ್ಞೆಯು ಅವರು ಎಷ್ಟು ಹೊತ್ತಿನಿಂದ ಸುಮ್ಮನಿದ್ದಾರೆ, ಏನನ್ನು ಓಡಿಸುತ್ತಿದ್ದಾರೆ ಎಂಬುದನ್ನೂ ಜೊತೆಗೂಡಿಸುತ್ತದೆ. ‘ಲಾಸ್ಟ್’ ಎಂಬುದು ಹಿಂದಿನ ಲಾಗಿನ್ನುಗಳ ಚರಿತ್ರೆಯನ್ನು ತೆರೆದಿಟ್ಟು, ಲಾಗೌಟಿನ ದಾಖಲೆಯಿಲ್ಲದೆ ಮರೆಯಾದವರನ್ನು ಬೇರೆಯಾಗಿಯೇ ಗುರುತಿಸುತ್ತದೆ. ಈಚಿನ ಲಿನಕ್ಸ್ ವ್ಯವಸ್ಥೆಗಳಲ್ಲಿ ‘ಲಾಗಿನ್‌ಸಿಟಿಎಲ್’ ಎಂಬ ಉಪಕರಣವು ಪ್ರತಿಯೊಂದು ಸೆಷನ್ನಿಗೂ ಇರುವ ಸಂಖ್ಯೆಯನ್ನು ತೋರಿಸಿ, ಆ ಸಂಖ್ಯೆಯ ಆಧಾರದಿಂದ ಒಂದನ್ನೇ ಆಯ್ದು ಮುಚ್ಚುವ ಅನುಕೂಲವನ್ನು ಕಲ್ಪಿಸಿದೆ. ಒಬ್ಬ ಬಳಕೆದಾರನ ಎಲ್ಲ ಸೆಷನ್ನುಗಳನ್ನೂ ಒಟ್ಟಿಗೆ ಮುಚ್ಚುವ ಆಜ್ಞೆ ಬೇರೆಯೇ ಇದೆ. ಈ ಎರಡರ ಭೇದವನ್ನು ಮರೆತವನು, ಬೆಳಗಿನ ಛಾಯೆಯನ್ನು ಅಳಿಸಹೋಗಿ ಮಧ್ಯಾಹ್ನದ ಹುಡುಗಿಯ ಕೆಲಸವನ್ನೇ ಅಳಿಸಿಬಿಡುತ್ತಾನೆ.

ಮುಚ್ಚುವುದರಲ್ಲಿಯೂ ಒಂದು ಕ್ರಮವುಂಟು. ಪ್ರೋಗ್ರಾಮಿಗೆ ಕಳುಹಿಸುವ ‘ಟರ್ಮ್’ ಎಂಬ 15ನೆಯ ಸಂಕೇತವು, ನಿನ್ನ ವ್ಯವಹಾರವನ್ನು ಮುಗಿಸಿಕೊಂಡು ಹೊರಡು ಎಂಬ ವಿಜ್ಞಾಪನೆ. ಅದನ್ನು ಕೇಳಿದ ಪ್ರೋಗ್ರಾಮು ಬರೆಯಬೇಕಾದ್ದನ್ನು ಬರೆದು, ಲಾಕ್ ಫೈಲನ್ನು ತೆಗೆದು, ಶಿಸ್ತಿನಿಂದ ನಿಲ್ಲಬಹುದು. ‘ಕಿಲ್’ ಎಂಬ 9ನೆಯ ಸಂಕೇತಕ್ಕೆ ಪ್ರೋಗ್ರಾಮು ಕಿವಿಗೊಡುವ ಪ್ರಶ್ನೆಯೇ ಇಲ್ಲ; ಕರ್ನೆಲ್ ಅದನ್ನು ಆ ಕ್ಷಣವೇ ನಿಲ್ಲಿಸುತ್ತದೆ, ಕಡತಗಳು ಅರ್ಧಂಬರ್ಧವಾಗಿಯೂ ಲಾಕ್ ಫೈಲುಗಳು ಅನಾಥವಾಗಿಯೂ ಉಳಿಯುತ್ತವೆ. ಸಿಸ್ಟಮ್‌ಡಿ ಎಂಬ, ಲಿನಕ್ಸ್‌ನಲ್ಲಿ ಸೇವೆಗಳನ್ನೂ ಸೆಷನ್ನುಗಳನ್ನೂ ನಡೆಸುವ ವ್ಯವಸ್ಥೆಯು ಮೊದಲ ಸಂಕೇತವನ್ನು ಕಳುಹಿಸಿ, ವಾಡಿಕೆಯಂತೆ 90 ಸೆಕೆಂಡುಗಳ ಅವಕಾಶವನ್ನು ಕೊಟ್ಟು, ಅನಂತರವೇ ಎರಡನೆಯದನ್ನು ಪ್ರಯೋಗಿಸುವುದು ಈ ವಿವೇಕದಿಂದಲೇ. ಅವಸರದ ನಿರ್ವಾಹಕರು 9ನ್ನೇ ಮೊದಲ ಔಷಧವನ್ನಾಗಿ ಬಳಸುವುದನ್ನು ಕಂಡಾಗ ವ್ಯಥೆಯಾಗುತ್ತದೆ. ಒಂದೂವರೆ ನಿಮಿಷದ ತಾಳ್ಮೆಯಿಂದ ಉಳಿಯಬಹುದಾದ ಇನ್ನೊಬ್ಬರ ಶ್ರಮವು ಅವರ ಬೆರಳಿನ ಒಂದು ಹೊಡೆತಕ್ಕೆ ನಾಶವಾಗುತ್ತದೆ.

ವಿಂಡೋಸ್ ಲೋಕವು ಇದೇ ಪ್ರಶ್ನೆಯನ್ನು ಬೇರೊಂದು ದಾರಿಯಿಂದ ಸಮೀಪಿಸಿತು. 1998ರಲ್ಲಿ ಎನ್‌ಟಿ 4.0 ವ್ಯವಸ್ಥೆಯ ಟರ್ಮಿನಲ್ ಸರ್ವರ್ ಆವೃತ್ತಿ ಬಂದಂದಿನಿಂದ, ಅಲ್ಲಿ ಸಂಪರ್ಕ ಕಡಿಯುವುದೂ ಲಾಗಾಫ್ ಆಗುವುದೂ ಎರಡು ಪ್ರತ್ಯೇಕ ಅವಸ್ಥೆಗಳು. ಕಿಟಕಿಯನ್ನು ಮುಚ್ಚಿ ಎದ್ದುಹೋದವನ ಸೆಷನ್ ‘ಡಿಸ್‌ಕನೆಕ್ಟೆಡ್’ ಎಂಬ ಸ್ಥಿತಿಯಲ್ಲಿ, ತೆರೆದ ಪ್ರೋಗ್ರಾಮುಗಳ ಸಮೇತ, ಅವನಿಗಾಗಿ ಕಾದಿರುತ್ತದೆ. ಮರಳಿ ಬಂದವನು ಬಿಟ್ಟ ಸಾಲಿನಿಂದಲೇ ಮುಂದುವರಿಯಬಹುದು. ಸನ್ ಸಂಸ್ಥೆಯು 1999ರಲ್ಲಿ ಹೊರತಂದ ‘ಸನ್ ರೇ’ ಟರ್ಮಿನಲ್ಲುಗಳಲ್ಲಿ ಈ ಸೌಲಭ್ಯ ಇನ್ನೂ ಸೊಗಸಾದ ರೂಪವನ್ನು ತಾಳಿ, ಸ್ಮಾರ್ಟ್ ಕಾರ್ಡನ್ನು ಒಂದು ಮೇಜಿನಿಂದ ಕಿತ್ತು ಇನ್ನೊಂದಕ್ಕೆ ತೂರಿಸಿದೊಡನೆ ಸೆಷನ್ ಮನುಷ್ಯನನ್ನು ಹಿಂಬಾಲಿಸಿ ಬರುತ್ತಿತ್ತು. ಆದರೆ ಕಾಯುವ ಸೆಷನ್ ಬರಿಗೈಯಲ್ಲಿ ಕಾಯುವುದಿಲ್ಲ, ಮೆಮೊರಿಯನ್ನು ಹಿಡಿದುಕೊಂಡೇ ಕಾಯುತ್ತದೆ. ಆದಕಾರಣ ಕಡಿದ ಸೆಷನ್ನಿಗೊಂದು ಕಾಲಮಿತಿ, ಸುಮ್ಮನಿರುವ ಸೆಷನ್ನಿಗೊಂದು ಕಾಲಮಿತಿ, ಒಬ್ಬ ಬಳಕೆದಾರನಿಗೆ ಒಂದೇ ಸೆಷನ್ ಎಂಬ ನಿರ್ಬಂಧ ಇವು ಮೂರನ್ನೂ ನಿರ್ವಾಹಕನ ಕೈಗೆ ಕೊಡಲಾಗಿದೆ. ಸುಮ್ಮನಿರುವವನ ಅವಧಿ ತೀರುವ ಎರಡು ನಿಮಿಷ ಮುಂಚಿತವಾಗಿ ಪರದೆಯ ಮೇಲೆ ಎಚ್ಚರಿಕೆ ಮೂಡುತ್ತದೆ. ಒಂದು ಕೀಲಿಯನ್ನು ಒತ್ತಿದರೆ ಸಾಕು, ಸೆಷನ್ ಉಳಿಯುತ್ತದೆ. ಇಡೀ ಏರ್ಪಾಡಿನಲ್ಲಿ ನನಗೆ ಅತ್ಯಂತ ಗೌರವಾರ್ಹವಾಗಿ ತೋರುವುದು ಈ ಎರಡು ನಿಮಿಷಗಳೇ. ನಿನ್ನ ಮೌನಕ್ಕೆ ನಾನು ಅರ್ಥ ಕಲ್ಪಿಸುವ ಮೊದಲು ನೀನೇ ಹೇಳು ಎಂಬ ಸೌಜನ್ಯ ಅದರಲ್ಲಿದೆ.

ಮೌನದ ಅರ್ಥ

ಈ ಸೌಜನ್ಯದ ಅಗತ್ಯವು ಎಷ್ಟು ಗಹನವಾದದ್ದೆಂಬುದು 2016ರಲ್ಲಿ ಸಿಸ್ಟಮ್‌ಡಿಯ 230ನೆಯ ಆವೃತ್ತಿ ಹೊರಬಿದ್ದಾಗ ಸ್ಪಷ್ಟವಾಯಿತು. ಲಾಗೌಟ್ ಆದ ಬಳಕೆದಾರನಿಗೆ ಸೇರಿದ ಪ್ರೋಗ್ರಾಮುಗಳು ಒಂದೂ ಉಳಿಯದಂತೆ ಎಲ್ಲವನ್ನೂ ಕೊನೆಗಾಣಿಸುವುದನ್ನೇ ಆ ಆವೃತ್ತಿಯು ವಾಡಿಕೆಯ ನಿಯಮವನ್ನಾಗಿ ಮಾಡಿತು. ಛಾಯಾ ಸೆಷನ್ನುಗಳಿಂದ ಬೇಸತ್ತಿದ್ದ ಲ್ಯಾಬುಗಳ ದೃಷ್ಟಿಯಿಂದ ಇದು ಸ್ವಾಗತಾರ್ಹವೇ. ಆದರೆ ಯುನಿಕ್ಸ್ ಲೋಕದಲ್ಲಿ ಅದಕ್ಕಿಂತ ಹಳೆಯದಾದ ಒಂದು ಸಂಪ್ರದಾಯವಿತ್ತು. ಟೆಲಿಫೋನ್ ತಂತಿಯ ಮೇಲೆ ಮೋಡೆಮ್ಮಿನಿಂದ ಸಂಪರ್ಕಿಸುತ್ತಿದ್ದ ಕಾಲದಲ್ಲಿ, ಆ ಕಡೆಯವರು ಫೋನ್ ಇಟ್ಟೊಡನೆ ‘ಹ್ಯಾಂಗಪ್’ ಎಂಬ ಸಂಕೇತ ಪ್ರೋಗ್ರಾಮುಗಳಿಗೆ ತಲುಪಿ ಅವು ನಿಲ್ಲುತ್ತಿದ್ದವು. ನಿಲ್ಲಬಾರದ ದೀರ್ಘ ಗಣನೆಗಳನ್ನು ‘ನೋಹಪ್’ ಎಂಬ ಆಜ್ಞೆಯ ರಕ್ಷಣೆಯಲ್ಲಿ ಓಡಿಸಿ, ಲಾಗೌಟ್ ಮಾಡಿ ಮನೆಗೆ ಹೋಗಿ, ಮರುದಿನ ಬಂದು ಫಲವನ್ನು ನೋಡುವುದು ವಿಜ್ಞಾನಿಗಳ ನಿತ್ಯದ ಪದ್ಧತಿಯಾಗಿತ್ತು. ‘ಸ್ಕ್ರೀನ್’, ‘ಟಿಮಕ್ಸ್’ ಮೊದಲಾದ ಉಪಕರಣಗಳನ್ನು ಬಳಸುತ್ತಿದ್ದುದೂ ಇದೇ ಅಪೇಕ್ಷೆಯಿಂದ. ಹೊಸ ನಿಯಮವು ಮರೆತುಹೋದ ಬ್ರೌಸರನ್ನೂ ಬೇಕೆಂದೇ ಬಿಟ್ಟುಹೋದ ಗಣನೆಯನ್ನೂ ಒಂದೇ ಸಮನಾಗಿ ಕಂಡಿತು. ಆಕ್ಷೇಪಣೆಗಳು ಎದ್ದವು, ಡೆಬಿಯನ್ ಮೊದಲಾದ ಲಿನಕ್ಸ್ ವಿತರಣೆಗಳು ಆ ವಾಡಿಕೆಯನ್ನು ಹಿಂದಿನಂತೆಯೇ ತಿರುಗಿಸಿಟ್ಟುಕೊಂಡವು, ಇಂತಹ ಬಳಕೆದಾರನ ಕೆಲಸಗಳು ಅವನ ಗೈರುಹಾಜರಿಯಲ್ಲಿಯೂ ಮುಂದುವರಿಯಲೆಂದು ಮುಂಚಿತವಾಗಿ ನಮೂದಿಸುವ ‘ಲಿಂಗರ್’ ಎಂಬ ಅನುಮತಿಯೊಂದು ಮಧ್ಯಮ ಮಾರ್ಗವಾಗಿ ನಿಂತಿತು.

ಈ ವಿವಾದದಲ್ಲಿ ಎರಡು ಪಕ್ಷಗಳಿಗೂ ನ್ಯಾಯವಿತ್ತೆಂದು ನನ್ನ ನಂಬಿಕೆ. ಏಕೆಂದರೆ ಸರ್ವರಿಗೆ ಕೇಳಿಸುವುದು ಮೌನ ಮಾತ್ರ. ಆ ಮೌನದ ಹಿಂದೆ ಮರೆವಿದೆಯೋ, ಆಲೋಚನೆಯಿದೆಯೋ, ಕರೆಂಟಿನ ವೈಫಲ್ಯವಿದೆಯೋ, ರಾತ್ರಿಯಿಡೀ ನಡೆಯತಕ್ಕ ಗಣನೆಯಿದೆಯೋ ಎಂಬುದನ್ನು ಯಾವ ಯಂತ್ರವೂ ತಾನಾಗಿ ಅರಿಯಲಾರದು. ಮಕ್ಕಳ ಲ್ಯಾಬಿಗೆ ಯೋಗ್ಯವಾದ ನಿಯಮ ಸಂಶೋಧನಾಲಯಕ್ಕೆ ಅನ್ಯಾಯವಾಗುತ್ತದೆ. ಸಂಶೋಧನಾಲಯದ ಔದಾರ್ಯವು ಲ್ಯಾಬಿನಲ್ಲಿ ಎಲ್ಲರನ್ನೂ ಉಸಿರುಗಟ್ಟಿಸುತ್ತದೆ. ಆದ್ದರಿಂದ ಅವಧಿಯ ಸಂಖ್ಯೆಯನ್ನು ತಂತ್ರಾಂಶದ ಕರ್ತೃವು ದೂರದಲ್ಲಿ ಕುಳಿತು ನಿರ್ಧರಿಸುವುದಕ್ಕಿಂತ, ಆ ಕೊಠಡಿಯಲ್ಲಿ ಯಾರು ಏತಕ್ಕಾಗಿ ಕೂರುತ್ತಾರೆಂಬುದನ್ನು ಬಲ್ಲ ನಿರ್ವಾಹಕನು ಅವರೊಡನೆ ವಿಚಾರಿಸಿ ನಿರ್ಧರಿಸುವುದೇ ಲೇಸು. ಗ್ರೀಸ್ ದೇಶದಲ್ಲಿ ಶಾಲೆಗಳ ಬಳಕೆಗಾಗಿಯೇ ಬೆಳೆದುಬಂದ ‘ಎಪೊಪ್ಟಿಸ್’ ಎಂಬ ತಂತ್ರಾಂಶದಲ್ಲಿ, ಉಪಾಧ್ಯಾಯರು ತಮ್ಮ ಪರದೆಯಿಂದಲೇ ಎಲ್ಲ ಮಕ್ಕಳ ಪರದೆಗಳನ್ನೂ ಕಂಡು, ಸಂದೇಶವನ್ನು ಕಳುಹಿಸಿ, ಅನಂತರ ಅಗತ್ಯವಾದರೆ ಲಾಗೌಟ್ ಮಾಡಿಸಬಹುದು. ಅಲ್ಲಿ ಮೌನದ ಅರ್ಥವನ್ನು ನಿರ್ಣಯಿಸುವವರು ಆ ಮಕ್ಕಳನ್ನು ಬಲ್ಲವರು. ಇದೇ ಅದರ ಹಿರಿಮೆ.

2019ರಲ್ಲಿ ಎಲ್‌ಟಿಎಸ್‌ಪಿ ಆಮೂಲಾಗ್ರವಾಗಿ ಪುನರ್ರಚಿತವಾಗಿ, ಪ್ರೋಗ್ರಾಮುಗಳು ಟರ್ಮಿನಲ್ಲುಗಳಲ್ಲಿಯೇ ಓಡಿ ಕಡತಗಳು ಮಾತ್ರ ಸರ್ವರಿನಲ್ಲಿ ಉಳಿಯುವ ಕ್ರಮವು ಮುಖ್ಯವಾಗಿದೆ. ಇದರಿಂದ ಮೆಮೊರಿಯ ಹೊರೆ ಹಗುರವಾಯಿತು, ನಿಜ. ಆದರೂ ಒಬ್ಬಳೇ ಹುಡುಗಿ ಎರಡು ಮೇಜುಗಳಲ್ಲಿ ಒಂದೇ ಕಡತವನ್ನು ತೆರೆದರೆ ಸಿಟಿಎಸ್ಎಸ್ ಕಾಲದ ಸಮಸ್ಯೆಯೇ ಮರಳಿ ಎದುರಾಗುತ್ತದೆ. ಒಬ್ಬರಿಗೆ ಏಕಕಾಲದಲ್ಲಿ ಇಷ್ಟೇ ಲಾಗಿನ್ ಎಂದು ಮಿತಿಗೊಳಿಸುವ ‘ಮ್ಯಾಕ್ಸ್‌ಲಾಗಿನ್ಸ್’ ಎಂಬ ಸೂಚನೆ ಲಿನಕ್ಸ್‌ನಲ್ಲುಂಟು. ಆದರೆ ಛಾಯಾ ಸೆಷನ್ನುಗಳನ್ನು ತೆರವುಗೊಳಿಸುವ ವ್ಯವಸ್ಥೆಯಿಲ್ಲದೆ ಈ ಮಿತಿಯನ್ನು ಮಾತ್ರ ಹೇರಿದರೆ, ನಿರಪರಾಧಿಯಾದ ಬಳಕೆದಾರನು ತನ್ನದೇ ಹಳೆಯ ಗುರುತಿನ ದೆಸೆಯಿಂದ ಬಾಗಿಲಲ್ಲಿಯೇ ನಿಲ್ಲಬೇಕಾಗುತ್ತದೆ. ಇನ್ನು ತರಗತಿಗೆಲ್ಲ ಸೇರಿ ‘ಸ್ಟೂಡೆಂಟ್’ ಎಂಬ ಒಂದೇ ಹೆಸರನ್ನು ಕೊಡುವ ಪದ್ಧತಿಯಂತೂ ಸರ್ವಥಾ ತ್ಯಾಜ್ಯ. ಅಲ್ಲಿ ಸೆಷನ್ನು ಯಾರದೆಂಬುದೇ ತಿಳಿಯದು. ಒಬ್ಬನ ಕಡತವನ್ನು ಇನ್ನೊಬ್ಬನು ಅಳಿಸಿದರೆ ಕೇಳುವವರಿಲ್ಲ, ಮುಚ್ಚುವ ಮುನ್ನ ಯಾರನ್ನು ಎಚ್ಚರಿಸಬೇಕೆಂಬುದೂ ಗೊತ್ತಾಗದು. ಪ್ರತಿಯೊಂದು ಮಗುವಿಗೂ ತನ್ನದೇ ಹೆಸರು, ತನ್ನದೇ ಪಾಸ್‌ವರ್ಡ್, ತನ್ನದೇ ಹೋಮ್ ಡೈರೆಕ್ಟರಿ ಇರತಕ್ಕದ್ದು. ಆ ಶ್ರಮವನ್ನು ವರ್ಷದ ಆದಿಯಲ್ಲಿ ಒಮ್ಮೆ ವಹಿಸಿದರೆ ವರ್ಷವಿಡೀ ಅದರ ಫಲವುಂಟು.

ಅನೇಕರು ಹಂಚಿಕೊಳ್ಳುವ ಯಂತ್ರದ ನಿರ್ವಾಹಕನಿಗೆ ಒದಗಿರುವ ಅಧಿಕಾರ ಸಾಮಾನ್ಯವಾದದ್ದಲ್ಲ. ಒಂದು ಸಾಲಿನ ಆಜ್ಞೆಯಿಂದ ಇನ್ನೊಬ್ಬರ ದಿನದ ದುಡಿಮೆಯನ್ನು ಅವನು ಕೊನೆಗಾಣಿಸಬಲ್ಲನು, ಹಾಗೆ ಮಾಡಿದುದನ್ನು ಕೇಳುವವರೂ ವಿರಳ. ಆದಕಾರಣ, ಸುಮ್ಮನಿರುವ ಸೆಷನ್ ಎಷ್ಟು ಹೊತ್ತು ಉಳಿಯುವುದು, ಎಷ್ಟು ಮುಂಚೆ ಎಚ್ಚರಿಕೆ ಬರುವುದು, ರಾತ್ರಿಯ ಗಣನೆಗೆ ಅನುಮತಿಯನ್ನು ಯಾರಲ್ಲಿ ಕೇಳಬೇಕು ಎಂಬ ನಿಯಮಗಳನ್ನು ಬಳಕೆದಾರರ ಭಾಷೆಯಲ್ಲಿ, ನಮ್ಮ ಶಾಲೆಗಳಲ್ಲಾದರೆ ಸರಳವಾದ ಕನ್ನಡದಲ್ಲಿ, ಬರೆದು ಲ್ಯಾಬಿನ ಗೋಡೆಯ ಮೇಲೆ ಹಚ್ಚುವುದು ಅವನ ಧರ್ಮ. ಬಳಕೆದಾರರ ಧರ್ಮವಾದರೋ ಇದಕ್ಕಿಂತ ಚಿಕ್ಕದು: ಪವರ್ ಗುಂಡಿಯನ್ನು ಮುಟ್ಟುವ ಮೊದಲು ಲಾಗೌಟ್ ಮಾಡುವುದು. ಕಲಿಸಬೇಕಾದ ಪಾಠಗಳಲ್ಲಿ ಇದನ್ನು ಮೊದಲನೆಯ ದಿನವೇ, ಮೌಸನ್ನು ಹಿಡಿಯಲು ಕಲಿಸುವಾಗಲೇ ಕಲಿಸಬೇಕು. ಎಲ್ಲರಿಗೂ ಸೇರಿದ ವಸ್ತುವನ್ನು ಬಳಸಿ, ಬಳಸಿದುದನ್ನು ಮುಂದಿನವರಿಗೆ ಒಪ್ಪಿಸಿ ಏಳುವ ಅಭ್ಯಾಸವು ಕಂಪ್ಯೂಟರಿನ ಕೊಠಡಿಯಿಂದ ಹೊರಗೂ ಆ ಮಕ್ಕಳ ಜೊತೆಗೆ ಹೋಗತಕ್ಕದ್ದು.